ಪೇಟೆಯ ಸಾಮಾನು, ಮನೆಯ ಕೆಲಸ: ಹಜಾರದ ಅಲಂಕಾರಕ್ಕೆ ಹತ್ತು ಸಾವಿರ ಸಾಕೆ?

ಇಂದಿರಾನಗರದ 100 ಅಡಿ ರಸ್ತೆಯ ಒಂದು ಮಳಿಗೆಯಲ್ಲಿ ತೂಗುದೀಪವೊಂದಕ್ಕೆ 6,800 ರೂಪಾಯಿಯ ಚೀಟಿ ಅಂಟಿಸಿದ್ದರು. ಹತ್ತಿರ ಹೋಗಿ ನೋಡಿದರೆ ಅದು ಬಿದಿರಿನ ಬುಟ್ಟಿ. ನಮ್ಮ ಅತ್ತೆಯವರು ಈರುಳ್ಳಿ ಹಾಕಿಡುವ ಬುಟ್ಟಿಗೂ ಅದಕ್ಕೂ ನನಗೆ ಕಂಡ ವ್ಯತ್ಯಾಸವೆಂದರೆ, ಅದನ್ನು ಬೋರಲು ಹಾಕಿ ಒಳಗೊಂದು ಬಲ್ಬನ್ನು ಇಳಿಬಿಟ್ಟಿದ್ದರು, ಅಷ್ಟೆ. ಹಜಾರಕ್ಕೆ ಹೊಸ ರೂಪ ಕೊಡಬೇಕೆಂದು ಹೊರಟಿದ್ದ ನಾನು ಆ ದಿನ ಅದೇ ರಸ್ತೆಯ ಇನ್ನೆರಡು ಮಳಿಗೆಗಳನ್ನೂ ಹೊಕ್ಕು ಬೆಲೆಗಳನ್ನು ಬರೆದುಕೊಂಡು ಬಂದೆ: ಕಮಾನಿನ ಆಕಾರದ ನಿಲುವುಗನ್ನಡಿಗೆ 14,500, ಖಣದ ಬಟ್ಟೆಯ ನಾಲ್ಕು ಕುಷನ್ ಕವರುಗಳಿಗೆ ತಲಾ 1,450ರಂತೆ 5,800, ಕಲ್ಲಿನಂತೆ ಕಾಣುವ ಮೂರು ಹೂದಾನಿಗಳಿಗೆ 4,200. ಸೋಫಾದ ಹಿಂದಿನ 110 ಚದರ ಅಡಿ ಗೋಡೆಗೆ ಲೈಮ್ ವಾಷ್ ಹೊಡೆಯಲು ಒಬ್ಬ ಗುತ್ತಿಗೆದಾರರು ಚದರ ಅಡಿಗೆ 120 ರೂಪಾಯಿಯಂತೆ 13,200 ಕೇಳಿದ್ದರು. ಎಲ್ಲ ಸೇರಿ 44,500 ರೂಪಾಯಿ. ನಾನು ತೆಗೆದಿಟ್ಟಿದ್ದುದು 10,000.

ಹಾಗಾಗಿ ಇವೆಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳುವುದೆಂದು ನಿರ್ಧರಿಸಿ, ಬೇಕಾದ ಸಾಮಾನಿಗಾಗಿ ಹಳೆಯ ಬೆಂಗಳೂರಿನ ಪೇಟೆಗೆ ಆರು ವಾರ ಓಡಾಡಿದೆ. ಇಲ್ಲಿ ನಾನು ವಿಮರ್ಶೆ ಮಾಡುತ್ತಿರುವುದು ಆ ಪೇಟೆಯನ್ನೇ. ಚಿಕ್ಕಪೇಟೆ, ಮಾಮೂಲ್‌ಪೇಟೆ, ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಮತ್ತು ಮಾರುಕಟ್ಟೆಯ ಸುತ್ತಲಿನ ಬೀದಿಗಳನ್ನು ಒಂದೇ ದೊಡ್ಡ ಅಂಗಡಿ ಎಂದು ಭಾವಿಸಿ, ಮನೆಯಲ್ಲಿ ಅಲಂಕಾರದ ವಸ್ತು ಮಾಡಿಕೊಳ್ಳುವವರಿಗೆ ಅದು ಎಷ್ಟರ ಮಟ್ಟಿಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನಾನು ಕೊಟ್ಟ ಬೆಲೆಗಳ ಸಹಿತ ಹೇಳುತ್ತೇನೆ. ಬೆಲೆಗಳು ನಾನು ಚೌಕಾಸಿ ಮಾಡಿ ಕೊಟ್ಟವು. ನನಗಿಂತ ಚೆನ್ನಾಗಿ ಚೌಕಾಸಿ ಮಾಡುವವರಿಗೆ ಇನ್ನೂ ಕಡಿಮೆಯಾಗಬಹುದು.

ನಮ್ಮ ಮನೆ ರಾಜಾಜಿನಗರದಲ್ಲಿದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಒಂದು ದಿಕ್ಕಿಗೆ ಹೋದರೆ 2022ರ ಜೂನ್‌ನಲ್ಲಿ ಐಕಿಯಾ ಮಳಿಗೆ ತೆರೆದ ನಾಗಸಂದ್ರ, ಇನ್ನೊಂದು ದಿಕ್ಕಿಗೆ ಹೋದರೆ ಐದನೆಯ ನಿಲ್ದಾಣವೇ ಚಿಕ್ಕಪೇಟೆ. ಕಾರಿನಲ್ಲಿ ಪೇಟೆಗೆ ಹೋಗುವ ಸಾಹಸವನ್ನು ಯಾರೂ ಮಾಡಬಾರದು. ಮೆಟ್ರೊ ಬಂದ ಮೇಲೆ ಪೇಟೆಯ ಓಡಾಟ ನನ್ನಂಥವರಿಗೆ ನಿಜಕ್ಕೂ ಸುಲಭವಾಗಿದೆ. ಆದರೆ ವಾರದ ದಿನ ನೋಡಿಕೊಂಡು ಹೋಗಬೇಕು. ಭಾನುವಾರ ಸಗಟು ಅಂಗಡಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿರುತ್ತವೆ. ಆ ದಿನ ಬೀದಿ ಹಳೆಯ ಸಾಮಾನು ಮಾರುವ ಸಂಡೇ ಬಜಾರಿನದು. ಹಿತ್ತಾಳೆಯ ಹಿಡಿ, ಹಳೆಯ ಚೌಕಟ್ಟು, ಮುರಿದ ದೀಪದ ಭಾಗಗಳನ್ನು ಹೆಕ್ಕುವ ತಾಳ್ಮೆಯಿದ್ದವರಿಗೆ ಅದೂ ಒಂದು ಗಣಿಯೇ. ನನಗೆ ಆ ತಾಳ್ಮೆಯಿಲ್ಲ, ಒಂದೇ ಸಲ ಹೋಗಿ ಬರಿಗೈಯಲ್ಲಿ ಬಂದೆ.

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಇತ್ತೆಂಬುದನ್ನು ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಹೇಳುತ್ತವೆ. ಕಸುಬುಗಳು ಬದಲಾಗಿವೆ, ದೊಡ್ಡಪೇಟೆ ಅವೆನ್ಯೂ ರಸ್ತೆಯಾಗಿದೆ, ಆದರೆ ಒಂದು ಬಗೆಯ ಸಾಮಾನು ಒಂದೇ ಬೀದಿಯಲ್ಲಿ ಸಾಲಾಗಿ ಸಿಗುವ ಪದ್ಧತಿ ಮಾತ್ರ ಉಳಿದುಕೊಂಡಿದೆ. ಕೊಳ್ಳುವವರಿಗೆ ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ಒಂದೇ ಹೋಲ್ಡರಿನ ಬೆಲೆಯನ್ನು ಹತ್ತು ಹೆಜ್ಜೆಯೊಳಗೆ ಐದು ಕಡೆ ವಿಚಾರಿಸಬಹುದು. ಆದರೆ ಒಂದು ದೀಪ ಮಾಡಲು ಮೂರು ಬೀದಿ ಸುತ್ತಬೇಕು.

ದೀಪದಿಂದಲೇ ಆರಂಭಿಸಿದೆ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೊರಬದಿಯಲ್ಲಿ ಮೊರ, ಬುಟ್ಟಿ, ಕುಕ್ಕೆಗಳನ್ನು ಪೇರಿಸಿಟ್ಟುಕೊಂಡು ಕೂತಿದ್ದ ಮೇದರ ಹೆಂಗಸಿನ ಬಳಿ ಹದಿನೆಂಟು ಇಂಚು ಅಗಲದ, ಕಣ್ಣು ಕಣ್ಣಾಗಿ ಹೆಣೆದ ಬುಟ್ಟಿಯೊಂದನ್ನು ಆರಿಸಿದೆ. ತಳದಲ್ಲಿ ತೂತು ಮಾಡಲು ಸಾಧ್ಯವೇ ಎಂದು ಕೇಳಿದಾಗ ಆಕೆ ನನ್ನನ್ನು ಒಮ್ಮೆ ನೋಡಿ, "ತೂತು ಮಾಡಿದ್ರೆ ಏನು ತುಂಬ್ತೀರಕ್ಕ ಅದ್ರಲ್ಲಿ?" ಎಂದರು. ದೀಪ ಹಾಕುತ್ತೇನೆಂದು ವಿವರಿಸಿದ ಮೇಲೆ, ಹೆಣೆದದ್ದನ್ನು ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆ, ನಡುವಿನ ಎರಡು ಎಳೆಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಳ್ಳಬೇಕು ಎಂದು ತಮ್ಮ ಕೈಯಿಂದಲೇ ಸರಿಸಿ ಕೊಟ್ಟರು. ಬುಟ್ಟಿಗೆ 220 ರೂಪಾಯಿ. ಗೌರಿ ಹಬ್ಬದ ಹೊತ್ತಿಗೆ ಬಾಗಿನದ ಮೊರಗಳಿಗೆ ಬೇಡಿಕೆ ಏರಿ ಬುಟ್ಟಿಯ ಬೆಲೆಯೂ ಜೊತೆಗೆ ಏರುತ್ತದೆ, ಹೆಣೆಯುವವರಿಗೆ ಬೇರೆ ಕೆಲಸಕ್ಕೆ ಪುರಸೊತ್ತೂ ಇರುವುದಿಲ್ಲ ಎಂಬುದನ್ನೂ ಅವರೇ ಹೇಳಿದರು.

ಬುಟ್ಟಿಯನ್ನು ತಂದ ದಿನವೇ ತೂಗುಹಾಕಿದರೆ ಮೂರು ತಿಂಗಳಿಗೆ ಅದರಿಂದ ಹಿಟ್ಟಿನಂಥ ಪುಡಿ ಉದುರಲು ತೊಡಗಬಹುದು. ಬಿದಿರಿನಲ್ಲಿರುವ ಪಿಷ್ಟವನ್ನು ಹುಡುಕಿಕೊಂಡು ಬರುವ ಕುಟ್ಟೆ ಹುಳುವಿನ ಕೆಲಸ ಅದು. ಬಿದಿರನ್ನು ನೀರಿನಲ್ಲಿ ನೆನೆಹಾಕಿ ಪಿಷ್ಟ ಕಳೆಯುವುದು ಹಿಂದಿನಿಂದ ಬಂದ ಕ್ರಮ. ನಾನು ಬುಟ್ಟಿಯನ್ನು ನೀರಿನಲ್ಲಿ ಮುಳುಗಿಸಿ ದಿನವೂ ನೀರು ಬದಲಿಸುತ್ತ ನಾಲ್ಕು ದಿನ ಬಿಟ್ಟು, ನೆರಳಿನಲ್ಲಿ ಒಂದು ವಾರ ಒಣಗಿಸಿ, ಮನೆಯಲ್ಲೇ ಇದ್ದ ಬೇವಿನೆಣ್ಣೆ ಸವರಿದೆ. ಎರಡು ದಿನ ಹಜಾರವೆಲ್ಲ ಬೇವಿನ ವಾಸನೆ ಹೊಡೆದದ್ದನ್ನು ಮುಚ್ಚಿಡುವುದಿಲ್ಲ.

ವಿದ್ಯುತ್ತಿನ ಸಾಮಾನಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಹೋಲ್ಡರ್ 60, ಮೂರು ಮೀಟರ್ ವೈರು 90, ಸೀಲಿಂಗ್ ರೋಸ್ 45, 9 ವ್ಯಾಟಿನ ಎಲ್‌ಇಡಿ ಬಲ್ಬು 110. ಬಲ್ಬು ಕೊಳ್ಳುವಾಗ ಒಂದು ಮಾತನ್ನು ಒತ್ತಿ ಹೇಳಬೇಕು: ಸುಮ್ಮನೆ ಎಲ್‌ಇಡಿ ಕೊಡಿ ಎಂದರೆ ಅಂಗಡಿಯವರು 6500 ಕೆಲ್ವಿನ್ನಿನ ಬಿಳಿ ಬೆಳಕಿನದನ್ನೇ ಕೈಗಿಡುತ್ತಾರೆ, ಅದರಡಿ ಎಂಥ ಬುಟ್ಟಿಯೂ ಔಷಧಿ ಅಂಗಡಿಯ ದೀಪದಂತೆ ಕಾಣುತ್ತದೆ. ಮಳಿಗೆಗಳಲ್ಲಿ ನಮ್ಮನ್ನು ಮರುಳು ಮಾಡುವ ಹೊಂಬಣ್ಣದ ಬೆಳಕು 2700 ಅಥವಾ 3000 ಕೆಲ್ವಿನ್ನಿನ ವಾರ್ಮ್ ವೈಟ್. ಬೆಲೆ ಹೆಚ್ಚು ಕಡಿಮೆ ಒಂದೇ. ಹಳೆಯ ಕಾಲದ ತಂತಿಯ ಬಲ್ಬನ್ನು ಬಿದಿರಿನ ಬುಟ್ಟಿಯೊಳಗೆ ಯಾವ ಕಾರಣಕ್ಕೂ ಹಾಕಬಾರದು; ಅದು ಸೇವಿಸುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ, ಸುತ್ತ ಇರುವುದು ಒಣಗಿದ ಬಿದಿರು. ಬುಟ್ಟಿಯ ಭಾರವನ್ನು ವೈರಿನ ಮೇಲೆ ಬಿಡದೆ ಚಾವಣಿಯ ಕೊಕ್ಕೆಯಿಂದ ಸಣ್ಣ ಸರಪಳಿಯಲ್ಲಿ ಇಳಿಬಿಡಬೇಕು. ಸರಪಳಿ ಹಳೆಯ ತೊಟ್ಟಿಲಿನದು, ಮನೆಯಲ್ಲೇ ಇತ್ತು. ಸಂಪರ್ಕ ಕೊಡಲು ಎಲೆಕ್ಟ್ರಿಷಿಯನ್ನರಿಗೆ 300 ಕೊಟ್ಟೆ. ಇದರಲ್ಲಿ ಉಳಿತಾಯ ಹುಡುಕುವುದು ಜಾಣತನವಲ್ಲ. ಒಟ್ಟು ಖರ್ಚು 825 ರೂಪಾಯಿ. ರಾತ್ರಿ ದೀಪ ಹಾಕಿದರೆ ಹೆಣಿಗೆಯ ನೆರಳು ಚಾವಣಿಯ ಮೇಲೆಲ್ಲ ಹರಡಿಕೊಳ್ಳುತ್ತದೆ. 6,800ರ ದೀಪದ ಹೆಣಿಗೆ ಇದಕ್ಕಿಂತ ನಯವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕೆಳಗೆ ಕೂತು ಮೇಲೆ ನೋಡುವವರ ಕಣ್ಣಿಗೆ ಆ ನಯ ಬೀಳುವುದಿಲ್ಲ.

ಗೋಡೆಯ ವಿಷಯ ಇದಕ್ಕಿಂತ ಜಟಿಲ. ಗುತ್ತಿಗೆದಾರರು ಲೈಮ್ ವಾಷ್‌ನ ಗುಣಗಾನ ಮಾಡುತ್ತಿದ್ದಾಗ ಪಕ್ಕದಲ್ಲೇ ಕೂತಿದ್ದ ಅತ್ತೆಯವರು, "ಸುಣ್ಣ ಹೊಡೆಯೋದಕ್ಕೆ ಹದಿಮೂರು ಸಾವಿರವಾ?" ಎಂದು ಕೇಳಿ ಅವರ ಬಾಯಿ ಕಟ್ಟಿಸಿದ್ದರು. ಅವರ ಆಶ್ಚರ್ಯ ಸಹಜವೇ. ಅವರ ತವರಿನಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣವನ್ನು ಹಂಡೆಯಲ್ಲಿ ಅರಳಿಸಿ, ಗೋಂದು ಬೆರೆಸಿ, ಬಿಳುಪು ಎದ್ದು ಕಾಣಲೆಂದು ಒಂದಿಷ್ಟು ನೀಲಿ ಸೇರಿಸಿ, ನಾರಿನ ಕುಂಚದಿಂದ ಮನೆಮಂದಿಯೇ ಬಳಿಯುತ್ತಿದ್ದರಂತೆ. ಈಗ ಅದಕ್ಕೆ ಬೂದು, ಮರಳು, ಜೇಡಿಯ ಛಾಯೆಗಳನ್ನು ಬೆರೆಸಿ, ಕುಂಚದ ಗುರುತು ಮೋಡದಂತೆ ಕಾಣುವಂತೆ ಬಳಿದರೆ ಅದೇ ಲೈಮ್ ವಾಷ್.

ಅತ್ತೆಯವರ ಮಾತು ಕೇಳಿ ಹುಮ್ಮಸ್ಸಿನಿಂದ ಮಾರುಕಟ್ಟೆಯ ಬಳಿ ಸುಣ್ಣವನ್ನೂ ಬಣ್ಣದ ಪುಡಿಯನ್ನೂ ತಂದೆ. ಅರಳಿದ ಸುಣ್ಣ 240 ರೂಪಾಯಿಗೆ, ಹಳದಿ ಮತ್ತು ಕೆಂಪು ಆಕ್ಸೈಡ್ ಪುಡಿ 90ಕ್ಕೆ, ಅಗಲದ ಕುಂಚ 180ಕ್ಕೆ, ಗೋಂದು 80ಕ್ಕೆ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ 210ಕ್ಕೆ, ಒಟ್ಟು 800. ಕನ್ನಡಕವನ್ನು ಅನಾವಶ್ಯಕ ಖರ್ಚೆಂದು ಬಗೆಯಬಾರದು, ಸುಣ್ಣದ ಹನಿ ಕಣ್ಣಿಗೆ ಬಿದ್ದರೆ ಗಾಯವೇ ಆಗುತ್ತದೆ. ಬಣ್ಣಕ್ಕೆ ಆಕ್ಸೈಡ್ ಪುಡಿಯನ್ನೇ ಆರಿಸುವುದಕ್ಕೂ ಕಾರಣವಿದೆ: ಸುಣ್ಣದ ಕ್ಷಾರಕ್ಕೆ ಬಹಳ ಬಣ್ಣಗಳು ಮಂಕಾಗುತ್ತವೆ, ಕಬ್ಬಿಣದ ಆಕ್ಸೈಡ್ ತಾಳಿಕೊಳ್ಳುತ್ತದೆ. ನಮ್ಮ ಕೆಮ್ಮಣ್ಣಿನ ಕೆಂಪೂ ಅದೇ, ಬಸವನಗುಡಿ ಮಲ್ಲೇಶ್ವರದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪೂ ಅದೇ.

ಹಜಾರದ ಗೋಡೆಯ ಒಂದು ಮೂಲೆಯಲ್ಲಿ ಎರಡು ಅಡಿಯಷ್ಟು ಬಳಿದು ನೋಡಿದೆ. ಮರುದಿನ ಕೈಯಿಟ್ಟರೆ ಅಂಗೈ ತುಂಬ ಪುಡಿ. ಮೊದಲು ಸುಣ್ಣ ಕಳಪೆಯೆಂದು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದುಕೊಂಡೆ, ಆದರೆ ತಪ್ಪು ಗೋಡೆಯದಾಗಿತ್ತು. ಸುಣ್ಣವು ಗೋಡೆಯ ಸಣ್ಣ ರಂಧ್ರಗಳೊಳಗೆ ನೀರಿನೊಂದಿಗೆ ಇಳಿದು, ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಒಳಗಿಳಿಯಲು ಜಾಗ ಬೇಕು. ನಮ್ಮ ಹಜಾರದ ಗೋಡೆಗೆ ಪುಟ್ಟಿ ತಿಕ್ಕಿ ಅದರ ಮೇಲೆ ಎಮಲ್ಷನ್ ಬಣ್ಣ ಬಳಿದು ಏಳು ವರ್ಷವಾಗಿದೆ, ಅಂದರೆ ಸುಣ್ಣಕ್ಕೆ ಅದು ಪ್ಲಾಸ್ಟಿಕ್ ಹಾಳೆಯಿದ್ದಂತೆ. ಬೆಂಗಳೂರಿನಲ್ಲಿ ಈಚೆಗೆ ಕಟ್ಟಿದ ಅಪಾರ್ಟ್‌ಮೆಂಟುಗಳ ಒಳಗೋಡೆಗಳೂ ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ, ಅಗ್ಗವೆಂದು ಸುಣ್ಣ ತರಲು ಹೊರಟವರು ಮೊದಲು ತಮ್ಮ ಗೋಡೆಗೆ ನೀರು ಚಿಮುಕಿಸಿ ನೋಡುವುದು ಒಳ್ಳೆಯದು. ನೀರನ್ನು ಹೀರಿಕೊಂಡರೆ ಮುಂದುವರಿಯಬಹುದು, ಹನಿಗಳು ಜಾರಿ ಇಳಿದರೆ ಸುಣ್ಣದ ಆಸೆ ಬಿಡಬೇಕು.

ತಂದ ಸುಣ್ಣ ಹಾಳಾಗಲಿಲ್ಲ. ಮಾವನವರು 1970ರ ದಶಕದಲ್ಲಿ ಕಟ್ಟಿಸಿದ ಮನೆಯ ವರಾಂಡದ ಗೋಡೆ ಪುಟ್ಟಿ ಕಂಡದ್ದಲ್ಲ, ಬರಿಯ ಗಾರೆ. ಅದನ್ನು ಚೆನ್ನಾಗಿ ತಿಕ್ಕಿ, ನೀರೆರಚಿ ತೇವಮಾಡಿಕೊಂಡು, ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕದಡಿ ಮೂರು ಬಾರಿ ಬಳಿದೆ. ಹಸಿಯಿದ್ದಾಗ ಗೋಡೆ ಸಾಸಿವೆ ಬಣ್ಣಕ್ಕೆ ತಿರುಗಿ ಮನೆಯವರೆಲ್ಲ ಗಾಬರಿಯಾದರು. ಒಣಗಿದ ಮೇಲೆ ಅದೇ ಬಣ್ಣ ಬೆಣ್ಣೆಯಷ್ಟು ತಿಳಿಯಾಯಿತು. ಆದ್ದರಿಂದ ಬಣ್ಣದ ಪ್ರಮಾಣವನ್ನು ಒಂದು ಇಟ್ಟಿಗೆಯ ಮೇಲೆ ಬಳಿದು, ಪೂರ್ತಿ ಒಣಗಿಸಿ ನೋಡಿಯೇ ತೀರ್ಮಾನಿಸಬೇಕು. ಈ ವರಾಂಡದ ಗೋಡೆಯೇ ಇಡೀ ಪ್ರಯತ್ನದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು. ಬೆಳಗಿನ ಬಿಸಿಲು ಬಿದ್ದಾಗ ಅದಕ್ಕೆ ಬರುವ ಮೃದುತನ ಡಬ್ಬಿಯ ಬಣ್ಣಕ್ಕೆ ಬರುವುದಿಲ್ಲ.

ಹಜಾರದ ಗೋಡೆಗೆ ಮಾತ್ರ ಅನುಕರಣೆಯ ದಾರಿ ಹಿಡಿಯಬೇಕಾಯಿತು. ಹತ್ತಿರ ಹತ್ತಿರದ ಎರಡು ಛಾಯೆಗಳಲ್ಲಿ ಹೊಳಪಿಲ್ಲದ ಎಮಲ್ಷನ್ನನ್ನು ತಲಾ ಒಂದು ಲೀಟರ್, ಒಟ್ಟು 1,240 ರೂಪಾಯಿಗೆ ತಂದು, ಮೊದಲನೆಯದನ್ನು ಸಮನಾಗಿ ಬಳಿದು, ಎರಡನೆಯದಕ್ಕೆ ನೀರು ಬೆರೆಸಿ ಅದೇ ಅಗಲ ಕುಂಚದಿಂದ ಅಡ್ಡಾದಿಡ್ಡಿಯಾಗಿ ಎಳೆದೆ. ದೂರದಿಂದ ನೋಡಿದವರು ಲೈಮ್ ವಾಷ್ ಎಂದೇ ತಿಳಿಯುತ್ತಾರೆ. ಹತ್ತಿರ ಬಂದವರಿಗೆ ಗೊತ್ತಾಗುತ್ತದೆ, ನನಗಂತೂ ಪ್ರತಿದಿನ ಗೊತ್ತಾಗುತ್ತದೆ. ಎರಡೂ ಗೋಡೆ ಸೇರಿ 2,040 ರೂಪಾಯಿ.

ಇದೇ ಸಂದರ್ಭದಲ್ಲಿ ಒಂದು ಮಾತು ಹೇಳದಿರಲಾರೆ. ಆ ಗುತ್ತಿಗೆದಾರರೇ ನಮ್ಮ ಹಜಾರದ ರೆಡ್ ಆಕ್ಸೈಡ್ ನೆಲವನ್ನು ಒಡೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಲು ಸಲಹೆ ಕೊಟ್ಟರು. ತಮ್ಮ ಮೊಬೈಲಿನಲ್ಲಿದ್ದ ದುಬಾರಿ ಮನೆಯೊಂದರ ಚಿತ್ರಗಳನ್ನು ತೋರಿಸುತ್ತ, ಬಣ್ಣ ಬೆರೆಸಿದ ಸಿಮೆಂಟಿನ ನೆಲವೇ ಈಗಿನ ಹೊಸ ರೀತಿಯೆಂದೂ ಹೇಳಿದರು. ಎರಡು ಮಾತುಗಳ ನಡುವೆ ಐದು ನಿಮಿಷವೂ ಇರಲಿಲ್ಲ. ನೆಲಕ್ಕೆ ನಾನು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ, ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿದೆ.

ಕುಷನ್ನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ರವಿಕೆಗೆಂದೇ ನೇಯುವ ಬಟ್ಟೆ. ಹದಿನಾರು ಇಂಚಿನ ದಿಂಬಿನ ಮುಂಬದಿಗೆ ಒಂದು ಖಣ ಧಾರಾಳವಾಗಿ ಸಾಕು. ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ತಲಾ 180ರಂತೆ ನಾಲ್ಕು ಖಣ, ಹಿಂಬದಿಗೆ ಎರಡು ಮೀಟರ್ ಹತ್ತಿ ಬಟ್ಟೆಗೆ 240, ಜಿಪ್ಪುಗಳಿಗೆ 60, ನಮ್ಮ ಬೀದಿಯ ಟೈಲರಿಗೆ 280, ಒಟ್ಟು 1,300. ಹಳೆಯ ಹಾಸಿಗೆಯೊಂದರಲ್ಲಿದ್ದ ಬೂರುಗದ ಹತ್ತಿಯನ್ನೇ ಬಿಸಿಲಿಗೆ ಹಾಕಿ ತುಂಬಿದೆ. ಹಿಂಬದಿಗೆ ಬಿಳಿಯ ಬಟ್ಟೆ ಆರಿಸಿದ್ದು ನನ್ನ ಪೆದ್ದುತನ. ಮೊದಲ ಒಗೆತದಲ್ಲೇ ಖಣದ ಕೆಂಪು ಅದಕ್ಕೆ ಇಳಿದು ಒಂದು ಕುಷನ್ ಗುಲಾಬಿಯಾಯಿತು. ಹೊಲಿಸುವ ಮೊದಲೇ ಖಣವನ್ನು ಬೇರೆಯಾಗಿ ಎರಡು ಮೂರು ನೀರು ತೊಳೆಯಬೇಕಿತ್ತು.

ಇಲ್ಲಿಯವರೆಗೆ ಓದಿದವರು ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದೆಂದು ಹೊರಡುವ ಮೊದಲು ಕನ್ನಡಿಯ ಕಥೆಯನ್ನು ಕೇಳಬೇಕು. ಬುಟ್ಟಿ, ಸುಣ್ಣ, ಖಣ, ಇವು ಮೊದಲಿನಿಂದಲೂ ನಮ್ಮ ಪೇಟೆಯಲ್ಲಿ ದಿನಬಳಕೆಗೆ ಸಿಗುತ್ತಿದ್ದವು. ಮಳಿಗೆಯವರು ಅವಕ್ಕೆ ಹೊಸ ಜಾಗ, ಹೊಸ ಹೆಸರು, ಹೊಸ ಬೆಳಕು ಕೊಟ್ಟು ಬೆಲೆ ಏರಿಸಿದ್ದಾರೆ. ಆ ಏರಿಸಿದ ಭಾಗವನ್ನು ನಾವು ಕೈಯಾರೆ ಮಾಡಿಕೊಂಡರೆ ಹಣ ಉಳಿಯುತ್ತದೆ. ಕನ್ನಡಿಯ ಬೆಲೆ ಹಾಗಲ್ಲ. ಅದರಲ್ಲಿ ಗಾಜಿನ ಬೆಲೆ, ಯಂತ್ರದಲ್ಲಿ ಕೊರೆದ ಕೂಲಿ, ಒಡೆಯದಂತೆ ಮನೆಗೆ ತಲುಪಿಸುವ ಹೊಣೆ ಎಲ್ಲವೂ ನಿಜವಾದ ಖರ್ಚುಗಳೇ.

ಎರಡು ಅಡಿ ಅಗಲ, ಐದು ಅಡಿ ಎತ್ತರದ, 4 ಮಿಲಿಮೀಟರ್ ದಪ್ಪದ ಗಾಜಿಗೆ ಚದರ ಅಡಿಗೆ 140ರಂತೆ 1,400. ಮೇಲ್ತುದಿಯನ್ನು ಕಮಾನಾಗಿ ಕೊರೆದು ಅಂಚು ಉಜ್ಜಲು 650. ಹಿಂಬದಿಗೆ 12 ಮಿಲಿಮೀಟರ್ ಪ್ಲೈವುಡ್ಡಿಗೆ 1,300. ಬಡಗಿಯ ಕೂಲಿ 900. ಅಂಟು, ಬ್ರಾಕೆಟ್ಟು, ಸ್ಕ್ರೂಗಳಿಗೆ 350. ಸಾಗಿಸಲು ಗೂಡ್ಸ್ ಆಟೊಗೆ 400. ಲೆಕ್ಕ ಸರಿಯಾಗಿ 5,000ಕ್ಕೆ ನಿಲ್ಲಬೇಕಿತ್ತು. ಗಾಜನ್ನು ಮಲಗಿಸಿ ತಂದರು. ಗುಂಡಿಯೊಂದನ್ನು ದಾಟುವಾಗ ಅದು ನಡುವೆ ಸೀಳಿತು. ಗಾಜನ್ನು ಎಂದಿಗೂ ಮಲಗಿಸಿ ಸಾಗಿಸಬಾರದು, ನಿಲ್ಲಿಸಿ ಕಟ್ಟಿ ತರಬೇಕು ಎಂದು ಅಂಗಡಿಯವರು ಆಮೇಲೆ ತಿಳಿಸಿದರು. ಏರಿಸುವಾಗ ಅವರ ಹುಡುಗರೇ ಮಲಗಿಸಿದ್ದನ್ನು ನೆನಪಿಸಿದರೂ ಪ್ರಯೋಜನವಾಗಲಿಲ್ಲ. ಅಂಗಡಿಯ ಹೊಸಿಲು ದಾಟಿದ ಸಾಮಾನಿನ ಹೊಣೆ ನಮ್ಮದೇ ಎಂಬ ಮಾತನ್ನು ನಾನು ಆ ಆರು ವಾರದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೇಳಿದೆ. ಹೊಸ ಗಾಜು, ಹೊಸ ಕೊರೆತ, ಮತ್ತೊಂದು ಆಟೊ ಸೇರಿ ಇನ್ನೂ 2,450 ಹೋಯಿತು. ಕನ್ನಡಿಯ ಒಟ್ಟು ಖರ್ಚು 7,450.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅದರ ಭಾರ. ಗಾಜು ಮತ್ತು ಹಲಗೆ ಸೇರಿ ಹದಿನೈದು ಕಿಲೋಗೂ ಮೀರಿದ ವಸ್ತುವನ್ನು ಮಕ್ಕಳು ಓಡಾಡುವ ಹಜಾರದಲ್ಲಿ ಗೋಡೆಗೆ ಬರಿದೆ ಒರಗಿಸುವಂತಿಲ್ಲ. ನೆಲದ ಮೇಲೆ ನಿಲ್ಲಿಸಿ, ಮೇಲ್ಭಾಗದಲ್ಲಿ ಎರಡು ಬ್ರಾಕೆಟ್ಟುಗಳಿಂದ ಗೋಡೆಗೆ ಬಿಗಿಸಬೇಕು. ಅಂಟಿನಲ್ಲೂ ಎಚ್ಚರ ಬೇಕು. ವಿನಿಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಕನ್ನಡಿಯ ಹಿಂದಿನ ಲೇಪವನ್ನು ತಿಂದು ಕಾಲಕ್ರಮದಲ್ಲಿ ಕಪ್ಪು ಕಲೆ ಮಾಡುತ್ತದೆ, ನ್ಯೂಟ್ರಲ್ ಸಿಲಿಕೋನ್ ಎಂದು ಕೇಳಿ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಕನ್ನಡಿಯ ಕಮಾನು ಎಡಕ್ಕೆ ಕೂದಲೆಳೆಯಷ್ಟು ವಾಲಿದೆ. 14,500 ಹೆಚ್ಚೆಂದು ಈಗಲೂ ಅನ್ನಿಸುತ್ತದೆ, ಆದರೆ ಮತ್ತೊಮ್ಮೆ ಇಂಥದ್ದು ಬೇಕಾದರೆ ಸಿದ್ಧವಾದದ್ದನ್ನೇ ಕೊಳ್ಳುತ್ತೇನೆ. ಸಣ್ಣ ಫೋಟೊ ಚೌಕಟ್ಟುಗಳ ವಿಷಯವೂ ಹೀಗೆಯೇ. ಚೌಕಟ್ಟು ಕಟ್ಟುವ ಅಂಗಡಿಯಲ್ಲಿ ಒಂದಕ್ಕೆ ಕೇಳಿದ ಕೂಲಿಗಿಂತ ನಾಗಸಂದ್ರದ ಐಕಿಯಾದಲ್ಲಿ ಸಿದ್ಧ ಚೌಕಟ್ಟುಗಳ ಬೆಲೆ ಕಡಿಮೆ ಇತ್ತು, ಅಲ್ಲಿಂದಲೇ ತಂದು ಮಗಳ ಕೋಣೆಗೆ ಹಾಕಿದೆ. ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಹೂದಾನಿಗಳಿಗಾಗಿ ಪೇಟೆ ಬಿಟ್ಟು ಬೆನ್ಸನ್ ಟೌನಿನ ಪಕ್ಕದ ಪಾಟರಿ ಟೌನಿಗೆ ಹೋದೆ. ಕುಂಬಾರ ಕುಟುಂಬಗಳು ಅಲ್ಲಿ ಇಂದಿಗೂ ತಿಗರಿ ತಿರುಗಿಸುತ್ತವೆ. 120, 180 ಮತ್ತು 250 ರೂಪಾಯಿಯ ಮೂರು ಮಡಕೆಗಳನ್ನು ಆರಿಸಿದೆ. ಅಕ್ರಿಲಿಕ್ ಬಣ್ಣಕ್ಕೆ ಅಡುಗೆ ಸೋಡಾ ಬೆರೆಸಿ ಬಳಿದರೆ ಮೇಲ್ಮೈ ಒರಟಾಗಿ ಕಲ್ಲಿನಂತೆ ಕಾಣುತ್ತದೆಂದು ಓದಿದ್ದೆ. 40 ರೂಪಾಯಿಯ ಸೋಡಾ ತಂದು, ಗೋಡೆಗೆ ಬಳಿದು ಉಳಿದಿದ್ದ ಎಮಲ್ಷನ್ನಿಗೇ ಬೆರೆಸಿ ಒಂದು ಮಡಕೆಗೆ ಹಾಗೆ ಮಾಡಿದೆ. ಚೆನ್ನಾಗಿಯೇ ಬಂತು. ಆದರೆ ಅದನ್ನು ಉಳಿದೆರಡರ ಪಕ್ಕದಲ್ಲಿಟ್ಟಾಗ, ಸುಟ್ಟ ಮಣ್ಣಿನ ಬಣ್ಣದ ಮುಂದೆ ಈ ಕಲ್ಲಿನ ವೇಷ ಪೆಚ್ಚಾಗಿ ಕಂಡಿತು. ಎರಡಕ್ಕೆ ಬಣ್ಣ ಹಚ್ಚದೆಯೇ ಬಿಟ್ಟೆ. ಮೆರುಗು ಹಾಕದ ಮಡಕೆ ನೀರನ್ನು ಒಸರುವುದರಿಂದ ಹಸಿ ಹೂ ಇಡುವವರು ಒಳಗೊಂದು ಗಾಜಿನ ಲೋಟವನ್ನು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೆಳಗಿನ ಮರಕ್ಕೆ ಉಂಗುರದಂಥ ಕಲೆ ಬೀಳುತ್ತದೆ, ಮಡಕೆಯ ಮೈಗೆ ಬಿಳಿಯ ಉಪ್ಪು ಬರುತ್ತದೆ. ಖರ್ಚು 590.

ಒಟ್ಟು ಮೊತ್ತ 12,205 ರೂಪಾಯಿ. ಗಾಜು ಒಡೆಯದಿದ್ದರೆ 9,755ಕ್ಕೆ ಮುಗಿದು ನನ್ನ ಮಾತು ಉಳಿಯುತ್ತಿತ್ತು. ಮೆಟ್ರೊ ಖರ್ಚನ್ನೂ ಆರು ಶನಿವಾರಗಳ ಶ್ರಮವನ್ನೂ ಇದಕ್ಕೆ ಸೇರಿಸಿಲ್ಲ. ಶ್ರಮಕ್ಕೆ ಕೂಲಿ ಕಟ್ಟಿದರೆ ಉಳಿತಾಯದ ಹಿಗ್ಗು ಬಹಳ ಇಳಿಯುತ್ತದೆ ಎಂಬುದನ್ನು ಲೆಕ್ಕ ಬಲ್ಲ ನಮ್ಮ ಯಜಮಾನರು ಈಗಾಗಲೇ ಎರಡು ಬಾರಿ ತಿಳಿಸಿದ್ದಾರೆ.

ಪೇಟೆಯ ಬಗ್ಗೆ ಹೇಳಬೇಕಾದ ಇನ್ನು ಕೆಲವು ಸಂಗತಿಗಳಿವೆ. ಮಾಮೂಲ್‌ಪೇಟೆಯ ಹಲವು ಅಂಗಡಿಗಳು ಸಗಟು ವ್ಯಾಪಾರದವು. ಮಣಿ, ಗೊಂಡೆ, ಲೇಸುಗಳನ್ನು ಒಂದು ಡಜನ್ನಿಗಿಂತ ಕಡಿಮೆ ಕೇಳಿದರೆ ತಲೆಯೆತ್ತಿಯೂ ನೋಡುವುದಿಲ್ಲ. ಇಬ್ಬರು ಮೂವರು ಗೆಳತಿಯರು ಕೂಡಿ ಹೋಗಿ ಹಂಚಿಕೊಳ್ಳುವುದೊಂದೇ ಇದಕ್ಕೆ ದಾರಿ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಅಂಗಡಿಯವರಿಗೂ ವಿವರಿಸುವ ಬಿಡುವು ಇರುತ್ತದೆ. ಮಧ್ಯಾಹ್ನದ ನಂತರ ಬೀದಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬಿಲ್ಲನ್ನು ಕೇಳಿ ಪಡೆಯಬೇಕು. ಕೊಂಡದ್ದನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ನಾನು ಹೋದ ಅಂಗಡಿಗಳಲ್ಲಿ ಇರಲಿಲ್ಲ. ಬದಲಾಯಿಸಿ ಕೊಟ್ಟವರು ಒಬ್ಬರೇ, ಸುಟ್ಟುಹೋದ ಬಲ್ಬನ್ನು. ಹೆಂಗಸರಿಗೆ ಶೌಚಾಲಯದ ಅನುಕೂಲ ಹುಡುಕುವುದು ಕಷ್ಟ, ಮೆಟ್ರೊ ನಿಲ್ದಾಣವನ್ನೇ ನೆಚ್ಚಿಕೊಳ್ಳಬೇಕು. ಇವೆಲ್ಲ ಹವಾನಿಯಂತ್ರಿತ ಮಳಿಗೆಯಲ್ಲಿ ಇಲ್ಲದ ಕಷ್ಟಗಳು. ಆದರೆ ಬುಟ್ಟಿಯ ಎಳೆ ಸರಿಸಿಕೊಟ್ಟ ಆ ಹೆಂಗಸಿನಂತೆ, ವಸ್ತುವನ್ನು ಮಾಡುವವರೇ ಎದುರು ಕೂತು ಅದರ ಗುಟ್ಟು ಹೇಳಿಕೊಡುವುದು ಆ ಮಳಿಗೆಗಳಲ್ಲಿ ನಡೆಯುವುದಿಲ್ಲ. ಐದರಲ್ಲಿ ಅಂಕ ಕೊಡುವುದಾದರೆ ಬುಟ್ಟಿ, ಬಟ್ಟೆ, ವಿದ್ಯುತ್ ಸಾಮಾನಿಗೆ ನಾಲ್ಕೂವರೆ, ಬಣ್ಣ ಮತ್ತು ಸುಣ್ಣಕ್ಕೆ ನಾಲ್ಕು, ಗಾಜಿಗೆ ಒಂದೂವರೆ.

ದೀಪವನ್ನು ನೋಡಿದ ದಿನದಿಂದ ನಾದಿನಿ ತನಗೂ ಒಂದು ಬೇಕೆಂದು ಹಟ ಹಿಡಿದಿದ್ದಾಳೆ. ಗೌರಿ ಹಬ್ಬ ಕಳೆಯಲಿ, ಬುಟ್ಟಿಯ ಬೆಲೆ ಇಳಿಯಲಿ ಎಂದು ತಡೆದಿದ್ದೇನೆ.